ಕಂಪ್ಯೂಟರ್ ಎಲ್ಲಿ ಕಾಯುತ್ತಿದೆ? ಲಿನಕ್ಸ್ ಡೆಸ್ಕ್‌ಟಾಪ್ ಅಪ್‌ಗ್ರೇಡ್ ಮತ್ತು ಓವರ್‌ಕ್ಲಾಕಿಂಗ್

(ಹಾಸನದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಡಿಟಿಪಿ ಅಂಗಡಿಯವರು, ಫೋಟೋ ಸ್ಟುಡಿಯೋದವರು ಸೇರಿದ್ದ ಒಂದು ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓವರ್‌ಕ್ಲಾಕಿಂಗ್, ಅಂದರೆ ಕಂಪನಿ ಕೊಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಚಿಪ್ ಓಡಿಸುವುದು, ಅದರ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಆ ವಿಷಯಕ್ಕೆ ಖಂಡಿತ ಬರುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ನಿಮ್ಮ ಕಂಪ್ಯೂಟರ್ ಸ್ಲೋ ಆಗಿದೆ ಅಂತ ಅನ್ನಿಸುತ್ತದಲ್ಲ, ಆ ಹೊತ್ತಿನಲ್ಲಿ ಒಳಗಿರುವ ಪ್ರೊಸೆಸರ್ ನಿಜವಾಗಿ ದುಡಿಯುತ್ತಿರುತ್ತದೆಯೋ, ಇಲ್ಲ ಸುಮ್ನೆ ಕೂತು ಇನ್ನೊಬ್ಬರಿಗಾಗಿ ಕಾಯುತ್ತಿರುತ್ತದೆಯೋ? ಹಾರ್ಡ್ ಡಿಸ್ಕಿಗಾಗಿ ಕಾಯುತ್ತಿರುವ ಪ್ರೊಸೆಸರ್‌ನ ವೇಗ ಎಷ್ಟು ಏರಿಸಿದರೂ ಕಾಯುವುದು ಹಾಗೇ ಉಳಿಯುತ್ತದೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಎಲ್ಲಿ ಕಾಯುತ್ತಿದೆ ಅಂತ ಮೊದಲು ನೋಡಿ, ಆಮೇಲೆ ದುಡ್ಡು ಖರ್ಚು ಮಾಡಿ, ಕಟ್ಟಕಡೆಗೆ ಓವರ್‌ಕ್ಲಾಕ್ ಯೋಚಿಸಿ.

ಈ ಮಾತಿಗೆ ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಬೇಕು ಅಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಪ್ರೊಸೆಸರ್ ಇಂಟೆಲ್‌ನದ್ದಾದರೆ 8ನೇ ತಲೆಮಾರು ಅಥವಾ ಅದರ ನಂತರದ್ದು ಆಗಿರಬೇಕು. ಹಾಸನದ ಅಂಗಡಿ, ಟ್ಯೂಷನ್ ಸೆಂಟರ್, ತೋಟದ ಆಫೀಸುಗಳಲ್ಲಿ 4ನೇ ತಲೆಮಾರಿನ ಐ3, ಐ5 ಮೆಷೀನುಗಳು ಇನ್ನೂ ಓಡುತ್ತಿವೆ. ಅವು ಕೆಟ್ಟಿಲ್ಲ. ಅವನ್ನು ಗುಜರಿಗೆ ಹಾಕುವುದು ನೋಡಿದರೆ ನನಗೆ ಸಂಕಟ ಆಗುತ್ತದೆ. ಲಿನಕ್ಸ್ ಹಾಕಿ, ಸರಿಯಾದ ಒಂದೆರಡು ಭಾಗ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ಗೌರವದಿಂದ ಕೆಲಸ ಮಾಡುವ ಯಂತ್ರಗಳು ಅವು.

ಸರಿ, ಎಲ್ಲಿ ಕಾಯುತ್ತಿದೆ ಅಂತ ನೋಡುವುದು ಹೇಗೆ? ಲಿನಕ್ಸ್‌ನಲ್ಲಿ ಇದನ್ನು ಊಹಿಸಬೇಕಾಗಿಲ್ಲ, ಅದರ ತಿರುಳಾದ ಕರ್ನಲ್ಲೇ ಹೇಳುತ್ತದೆ. 2018ರ ಡಿಸೆಂಬರ್‌ನಲ್ಲಿ ಬಂದ 4.20ನೇ ಆವೃತ್ತಿಯ ಕರ್ನಲ್‌ನಲ್ಲಿ ಪ್ರೆಶರ್ ಸ್ಟಾಲ್ ಇನ್‌ಫರ್ಮೇಷನ್ ಎಂಬ ಸೌಲಭ್ಯ ಸೇರಿತು. ಚಿಕ್ಕದಾಗಿ ಪಿಎಸ್‌ಐ. ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ದೊಡ್ಡ ಸರ್ವರುಗಳಿಗೆ ಅಂತ ಬರೆದದ್ದು. ಅದೇ ಈಗ ನಮ್ಮ ಮೇಜಿನ ಮೇಲಿನ ಡಬ್ಬದಲ್ಲೂ ಇದೆ. ಟರ್ಮಿನಲ್ ತೆರೆದು ಪ್ರೋಕ್ ಫೋಲ್ಡರಿನೊಳಗೆ ಪ್ರೆಶರ್ ಎಂಬ ಫೋಲ್ಡರ್ ನೋಡಿ. ಅಲ್ಲಿ ಸಿಪಿಯು, ಮೆಮೊರಿ, ಐಒ (ಅಂದರೆ ಡಿಸ್ಕಿನ ಓದು-ಬರಹ) ಅಂತ ಫೈಲುಗಳಿರುತ್ತವೆ. ಕ್ಯಾಟ್ ಕಮಾಂಡ್ ಕೊಟ್ಟು ಓದಿದರೆ ಕಳೆದ 10 ಸೆಕೆಂಡ್, 60 ಸೆಕೆಂಡ್, 300 ಸೆಕೆಂಡಿನ ಸರಾಸರಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. 'ಸಮ್' ಎಂಬ ಸಾಲು ಕನಿಷ್ಠ ಒಂದು ಕೆಲಸವಾದರೂ ಆ ಭಾಗಕ್ಕಾಗಿ ಕಾದ ಸಮಯ. 'ಫುಲ್' ಎಂಬ ಸಾಲು ನಡೆಯಬೇಕಿದ್ದ ಎಲ್ಲ ಕೆಲಸವೂ ಒಟ್ಟಿಗೆ ನಿಂತುಹೋದ ಸಮಯ. ಕೆಲವು ಡಿಸ್ಟ್ರೋಗಳಲ್ಲಿ, ಅಂದರೆ ಲಿನಕ್ಸಿನ ಬೇರೆ ಬೇರೆ ರೂಪಗಳಲ್ಲಿ, ಇದು ಆಫ್ ಆಗಿರುತ್ತದೆ. ಕರ್ನಲ್ ಶುರುವಾಗುವಾಗ ಓದುವ ಬೂಟ್ ಸಾಲಿಗೆ ಪಿಎಸ್‌ಐ=1 ಅಂತ ಸೇರಿಸಿದರೆ ಶುರುವಾಗುತ್ತದೆ.

ಸುಮ್ನೆ ಕೂತಿರುವಾಗ ಈ ಫೈಲುಗಳನ್ನು ನೋಡಿ ಪ್ರಯೋಜನವಿಲ್ಲ. ನಿಮಗೆ ಬೇಸರ ತರಿಸುವ ಆ ಕೆಲಸವನ್ನೇ ಮಾಡುತ್ತಾ ನೋಡಬೇಕು. ಲಗ್ನಪತ್ರಿಕೆ ಮಾಡುವವರು ದೊಡ್ಡ ಫೈಲ್ ತೆರೆಯಿರಿ. ಸ್ಟುಡಿಯೋದವರು ಕೆಡೆನ್‌ಲೈವ್‌ನಲ್ಲಿ ಮದುವೆ ವಿಡಿಯೋ ರೆಂಡರ್‌ಗೆ ಹಾಕಿ. ವಿದ್ಯಾರ್ಥಿಗಳು ನಿಮ್ಮ ಪ್ರಾಜೆಕ್ಟ್ ಕಂಪೈಲ್ ಮಾಡಿ. ಪಕ್ಕದ ಕಿಟಕಿಯಲ್ಲಿ ಮೂರೂ ಫೈಲು ನೋಡುತ್ತಿರಿ. ಯಾವುದರ ಸಂಖ್ಯೆ ಏರುತ್ತದೆಯೋ ನಿಮ್ಮ ದುಡ್ಡು ಅಲ್ಲಿಗೆ ಹೋಗಬೇಕು.

ಹಳೇ ಮೆಷೀನುಗಳಲ್ಲಿ ಹೆಚ್ಚಾಗಿ ಏರುವುದು ಐಒ. ಕಾರಣ ಸರಳ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕ್ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಅದರ ಮೇಲೆ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವ ಸಮಯ. ಎಲ್ಲ ಸೇರಿ ಬಿಡಿ ಬಿಡಿ ಫೈಲುಗಳನ್ನು ಓದುವಾಗ ಸೆಕೆಂಡಿಗೆ ಸುಮಾರು 100 ಸಲ ಮಾತ್ರ ಓದಲು ಆಗುತ್ತದೆ. ತಿರುಗುವ ಭಾಗವೇ ಇಲ್ಲದೆ ಚಿಪ್ಪಿನಲ್ಲಿ ಮಾಹಿತಿ ಇಡುವ ಸಾಟಾ ಎಸ್‌ಎಸ್‌ಡಿಯಲ್ಲಿ ಅದೇ ಲೆಕ್ಕ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಬೇರೆ ಯಾವ ಭಾಗ ಬದಲಾಯಿಸಿದರೂ ಇಷ್ಟು ದೊಡ್ಡ ವ್ಯತ್ಯಾಸ ಸಿಗುವುದಿಲ್ಲ. ನಿಮ್ಮ ಮೆಷೀನಿನಲ್ಲಿ ಇನ್ನೂ ಲಿನಕ್ಸ್ ಇರುವುದು ಹಾರ್ಡ್ ಡಿಸ್ಕಿನಲ್ಲಿ ಅಂತಾದರೆ ಇವತ್ತು ನಾನು ಮುಂದೆ ಹೇಳುವ ಯಾವುದನ್ನೂ ಮಾಡಬೇಡಿ, ಮೊದಲು ಎಸ್‌ಎಸ್‌ಡಿ ಹಾಕಿ. ಹಳೇ ಡಿಸ್ಕ್ ಫೋಟೋ, ವಿಡಿಯೋ ಇಡಲು ಇರಲಿ.

ಇಲ್ಲಿ ಕೆಲವು ಸಣ್ಣ ವಿಷಯ ಗಮನಿಸಬೇಕು. 4ನೇ ತಲೆಮಾರಿನ ಅಗ್ಗದ ಮೆಷೀನುಗಳಲ್ಲಿ ಎಚ್81 ಚಿಪ್‌ಸೆಟ್‌ನ ಬೋರ್ಡುಗಳು ಜಾಸ್ತಿ. ಆ ಚಿಪ್‌ಸೆಟ್ ಕೊಡುವ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡರ ವೇಗ ಮಾತ್ರ ಸೆಕೆಂಡಿಗೆ 6 ಗಿಗಾಬಿಟ್, ಉಳಿದೆರಡರದ್ದು 3 ಗಿಗಾಬಿಟ್. ಎಸ್‌ಎಸ್‌ಡಿಯನ್ನು 6ರ ಪೋರ್ಟಿಗೇ ಚುಚ್ಚಿ. ಎಂ.2 ಆಕಾರದ ಎಸ್‌ಎಸ್‌ಡಿ ತೆಗೆದುಕೊಳ್ಳುವವರು ನಿಮ್ಮ ಬೋರ್ಡಿನ ಸ್ಲಾಟ್ ಸಾಟಾ ಒಪ್ಪುತ್ತದೋ ಎನ್‌ವಿಎಂಇ ಎಂಬ ಬೇರೆ ವಿಧ ಒಪ್ಪುತ್ತದೋ ಅಂತ ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ. ನೋಡಲು ಎರಡೂ ಒಂದೇ ಥರ ಇರುತ್ತವೆ. ಅಂಗಡಿಯವರು ಕೊಟ್ಟದ್ದನ್ನು ತಂದು ಹಾಕಿದ ಮೇಲೆ ಕಾಣಿಸುತ್ತಿಲ್ಲ ಅಂತ ವಾಪಸ್ ಓಡುವುದು ಬೇಡ.

ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಕಾಗಿಲ್ಲ. ಕ್ಲೋನ್‌ಜಿಲ್ಲಾ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಳೇ ಡಿಸ್ಕನ್ನು ಹಾಗೇ ಹೊಸದಕ್ಕೆ ನಕಲು ಮಾಡಬಹುದು. ನಕಲು ಮಾಡುವ ಮುಂಚೆ ಬೇರೆ ಕಡೆ ಬ್ಯಾಕಪ್ ಇರಲೇಬೇಕು, ಏಕೆಂದರೆ ಯಾವುದರಿಂದ ಯಾವುದಕ್ಕೆ ಅನ್ನುವುದು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಡಿಡಿ ಕಮಾಂಡ್ ಬಳಸುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. ಇನ್ನೊಂದು ಮಾತು. ನಕಲು ಮಾಡಿದಾಗ ಪಾರ್ಟಿಷನ್‌ನ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ ಕೂಡ ನಕಲಾಗುತ್ತದೆ. ಒಂದೇ ಯುಯುಐಡಿಯ ಎರಡು ಡಿಸ್ಕ್ ಒಟ್ಟಿಗೆ ಇದ್ದರೆ ಲಿನಕ್ಸ್ ಯಾವುದನ್ನು ಹಿಡಿಯುತ್ತದೆ ಅಂತ ಹೇಳಲಾಗುವುದಿಲ್ಲ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಬಳಸುವವರಿಗಂತೂ ಇದು ಅಪಾಯ. ನಕಲು ಮುಗಿದ ಮೇಲೆ ಹಳೇ ಡಿಸ್ಕಿನ ಕೇಬಲ್ ತೆಗೆದು ಒಮ್ಮೆ ಬೂಟ್ ಮಾಡಿ ನೋಡಿ. ಎಲ್ಲ ಸರಿ ಇದೆ ಅಂತ ಖಚಿತವಾದ ಮೇಲೆ ಹಳೇದನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಜೋಡಿಸಿ.

ಬೋರ್ಡ್ ಬದಲಾಯಿಸಿದರೂ ಇದೇ ಡಿಸ್ಕ್ ಸಾಮಾನ್ಯವಾಗಿ ಬೂಟ್ ಆಗುತ್ತದೆ. ಬೇಕಾದ ಡ್ರೈವರುಗಳು ಬಹುಪಾಲು ಕರ್ನಲ್ ಜೊತೆಗೇ ಬಂದಿರುತ್ತವೆ. ಎರಡು ಕಡೆ ಮಾತ್ರ ಎಡವುವ ಸಾಧ್ಯತೆ ಇದೆ. ಮೆಷೀನ್ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮೇ ಬಯಾಸ್. ಹಳೇ ಮೆಷೀನ್ ಹಳೇ ಶೈಲಿಯ ಲೆಗಸಿ ಬಯಾಸ್‌ನಲ್ಲಿ ಬೂಟ್ ಆಗುತ್ತಿದ್ದು ಹೊಸದು ಯುಇಎಫ್‌ಐ ಎಂಬ ಹೊಸ ಶೈಲಿ ಮಾತ್ರ ಒಪ್ಪುವುದಾದರೆ, ಲಿನಕ್ಸನ್ನು ಶುರು ಮಾಡುವ ಬೂಟ್‌ಲೋಡರ್ ಮತ್ತೆ ಹಾಕಬೇಕು. ನೆಟ್‌ವರ್ಕ್ ಪೋರ್ಟಿನ ಹೆಸರು ಬದಲಾಗಿ, ಐಪಿಯನ್ನು ಕೈಯಾರೆ ಕೊಟ್ಟಿದ್ದವರಿಗೆ ಇಂಟರ್ನೆಟ್ ಬರದೇ ಇರಬಹುದು. ಅಷ್ಟೇ.

ಮೆಮೊರಿ ಫೈಲಿನ ಸಂಖ್ಯೆ ಏರುತ್ತಿದ್ದರೆ ರ್‍ಯಾಮ್ ಸಾಲುತ್ತಿಲ್ಲ ಅಂತ ಅರ್ಥ. 4 ಜಿಬಿಯಲ್ಲಿ ಇವತ್ತಿನ ಬ್ರೌಸರ್ ಒಂದೇ ಸಾಕು ಮೆಷೀನನ್ನು ಉಸಿರುಗಟ್ಟಿಸಲು. ಕರ್ನಲ್ ಜಾಗ ಇಲ್ಲದೆ ಒಂದನ್ನು ಡಿಸ್ಕಿನಲ್ಲಿರುವ ಸ್ವಾಪ್ ಜಾಗಕ್ಕೆ ತಳ್ಳಿ ಇನ್ನೊಂದನ್ನು ಒಳಗೆ ತರುತ್ತಾ ಇರುತ್ತದೆ. ಕೆಲವರು ಇದನ್ನು ನೋಡಿ ಪ್ರೊಸೆಸರ್ ಹಳೇದಾಯಿತು ಅಂದುಕೊಳ್ಳುತ್ತಾರೆ. ದುಡ್ಡು ಖರ್ಚು ಮಾಡುವ ಮುಂಚೆ ಜ್ಯಾಮ್ ಆಗುವುದನ್ನು ತಡೆಯಲು ಝಡ್‌ರ್‍ಯಾಮ್ ಶುರು ಮಾಡಿ ನೋಡಿ. ಅದು ರ್‍ಯಾಮಿನ ಒಂದು ಭಾಗದಲ್ಲಿ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತದೆ. ಸ್ವಲ್ಪ ಉಸಿರಾಡಲು ಅವಕಾಶ ಸಿಗುತ್ತದೆ.

ಹೊಸ ರ್‍ಯಾಮ್ ತರುವಾಗ ಜೋಡಿಯಾಗಿ ಹಾಕಿ. ಡಿಡಿಆರ್4-3200 ರ್‍ಯಾಮಿನ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಬಹುದು. ಅದೇ ಗಾತ್ರವನ್ನು ಎರಡು ಕಡ್ಡಿಗಳಲ್ಲಿ ಸರಿಯಾದ ಸ್ಲಾಟುಗಳಿಗೆ ಹಾಕಿದರೆ 51.2 ಜಿಬಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನೇ ನಂಬಿರುವವರಿಗೆ ಇದು ಕಣ್ಣಿಗೆ ಕಾಣುವಷ್ಟು ಲಾಭ ಕೊಡುತ್ತದೆ.

ಇಲ್ಲೇ ಓವರ್‌ಕ್ಲಾಕಿಂಗ್ ಬಾಗಿಲೂ ಇದೆ. ಡಬ್ಬದ ಮೇಲೆ 3200 ಅಂತ ಬರೆದ ರ್‍ಯಾಮ್ ತಂದಿರುತ್ತೀರಿ. ಅದು 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಡಿಎಂಐಡಿಕೋಡ್ ಕಮಾಂಡಿನಲ್ಲಿ ಮೆಮೊರಿ ವಿವರ ಕೇಳಿದರೆ ರ್‍ಯಾಮಿನ ವೇಗ ಒಂದು ಸಾಲಿನಲ್ಲೂ, ಈಗ ಓಡುತ್ತಿರುವ ವೇಗ ಇನ್ನೊಂದು ಸಾಲಿನಲ್ಲೂ ಬರುತ್ತದೆ. ಈಗಿನ ವೇಗ ಕಡಿಮೆ ಇದ್ದರೆ ಬಯಾಸ್‌ಗೆ ಹೋಗಿ ರ್‍ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ತರುವ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ಎಎಂಡಿಯ ಹೊಸ ಬೋರ್ಡುಗಳಲ್ಲಿ ಅದರ ಹೆಸರು ಎಕ್ಸ್‌ಪೋ. ಆದರೆ ಇದೂ ಓವರ್‌ಕ್ಲಾಕೇ ಅನ್ನುವುದು ನೆನಪಿರಲಿ. ಆನ್ ಮಾಡಿದ ಮೇಲೆ ಪರೀಕ್ಷೆ ಮಾಡಲೇಬೇಕು. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಇನ್ನು ಸಿಪಿಯು ಫೈಲು. ಅದರ ಸಂಖ್ಯೆ ಏರುತ್ತಿದ್ದರೆ, ಅಥವಾ ಹೆಚ್‌ಟಾಪ್ ಎಂಬ ಸಾಧನದಲ್ಲಿ ಎಲ್ಲ ಕೋರ್‌ಗಳೂ ತುಂಬಿದ್ದರೆ ಪ್ರೊಸೆಸರ್ ನಿಜವಾಗಿ ದುಡಿಯುತ್ತಿದೆ. ಆಗಲೂ ಓವರ್‌ಕ್ಲಾಕ್ ಮೊದಲ ಉತ್ತರ ಅಲ್ಲ. ಮೊದಲು ನೋಡಬೇಕಾದ್ದು ಕಂಪನಿ ಕೊಟ್ಟ ವೇಗವಾದರೂ ನಿಮಗೆ ಪೂರ್ತಿ ಸಿಗುತ್ತಿದೆಯೇ ಅಂತ. ಟರ್ಬೋಸ್ಟಾಟ್ ಎಂಬ ಸಾಧನದಲ್ಲಿ ಕೋರುಗಳ ನಿಜವಾದ ವೇಗ, ಬಿಸಿ, ಎಷ್ಟು ವ್ಯಾಟ್ ಎಳೆಯುತ್ತಿದೆ ಎಲ್ಲವೂ ಕಾಣುತ್ತದೆ. ರೆಂಡರ್ ಶುರುವಾದಾಗ ವೇಗ ಮೇಲೆ ಹೋಗಿ, ಸ್ವಲ್ಪ ಹೊತ್ತಿಗೆ ಬಿಸಿ 100 ಡಿಗ್ರಿ ಹತ್ತಿರ ಬಂದು, ಆಮೇಲೆ ವೇಗ ಕುಸಿದರೆ ಅದು ಥ್ರಾಟಲಿಂಗ್. ಕರ್ನಲ್ ಕೂಡ ಲಾಗಿನಲ್ಲಿ ಬಿಸಿ ಮಿತಿ ಮೀರಿತು, ವೇಗ ತಗ್ಗಿಸಿದೆ ಅಂತ ಬರೆದಿರುತ್ತದೆ.

ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಧೂಳು ಮತ್ತು ಒಣಗಿದ ಥರ್ಮಲ್ ಪೇಸ್ಟ್. ಬ್ಲೋವರ್ ಹಿಡಿದು ಕ್ಯಾಬಿನೆಟ್ ಕ್ಲೀನ್ ಮಾಡಿ. ಹಾಗೆ ಮಾಡುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಹೀಟ್‌ಸಿಂಕ್ ತೆಗೆದು ಪೇಸ್ಟ್ ಬದಲಾಯಿಸಿ. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂತಿಲ್ಲ ಅಂದರೂ ಬಿಸಿ ಏರುತ್ತದೆ. ಬೋರ್ಡಿನ ಹಿಂಬದಿ ನೋಡಿ ಖಚಿತ ಮಾಡಿಕೊಳ್ಳಿ. ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರು ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೆಷೀನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ವೈರ್ ತೆಗೆದು, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಬಿಡಿಸಿ. ಎಷ್ಟೋ ಸಲ ಇಷ್ಟು ಮಾಡಿದ ಮೇಲೆ ಹೊಸ ಪ್ರೊಸೆಸರ್ ಯೋಚನೆಯೇ ಹೋಗುತ್ತದೆ.

ಆದರೂ ಸಾಲದು ಅಂದರೆ ಅದೇ ಸಾಕೆಟ್ಟಿಗೆ ಕೂರುವ ದೊಡ್ಡ ಪ್ರೊಸೆಸರ್ ಹುಡುಕಿ. 4ನೇ ತಲೆಮಾರಿನ ಐ3 ಇದ್ದವರಿಗೆ ಸೆಕೆಂಡ್‌ಹ್ಯಾಂಡ್ ಐ7-4770 ಸಿಕ್ಕಿದರೆ ಎರಡು ಕೋರಿನಿಂದ ನಾಲ್ಕು ಕೋರ್, ಎಂಟು ಥ್ರೆಡ್ ಆಗುತ್ತದೆ. ಇದು ಯಾವ ಓವರ್‌ಕ್ಲಾಕಿಗಿಂತಲೂ ದೊಡ್ಡ ಜಿಗಿತ. ಎಎಂ4 ಬೋರ್ಡ್ ಇಟ್ಟುಕೊಂಡವರು ಅದೃಷ್ಟವಂತರು. 2017ರಲ್ಲಿ ಎಎಂಡಿಯ ಮೊದಲ ರೈಝನ್ ಪ್ರೊಸೆಸರ್ ಹಾಕಿ ತಂದ ಬಿ350 ಬೋರ್ಡುಗಳಲ್ಲಿ ಅನೇಕವು ಬಯಾಸ್ ಅಪ್‌ಡೇಟ್ ಆದ ಮೇಲೆ ರೈಝನ್ 5000 ಸಾಲಿನ ಪ್ರೊಸೆಸರನ್ನೂ ಒಪ್ಪುತ್ತವೆ. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದೆಯೇ ನೋಡಿ. ಬಯಾಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಬೇಕು. ಮಾಡುವಾಗ ಯುಪಿಎಸ್ ಇರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಶುರುವಾದ ಹೊತ್ತಿಗೆ ಬಯಾಸ್ ಮುಟ್ಟಲೇಬೇಡಿ. ಅರ್ಧ ಬರೆದಾಗ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಕಷ್ಟ.

ಈಗ ಓವರ್‌ಕ್ಲಾಕಿಂಗ್. ಪ್ರೊಸೆಸರಿನ ವೇಗ ಅಂದರೆ ಎರಡು ಸಂಖ್ಯೆಗಳ ಗುಣಾಕಾರ. ಒಂದು ಬೋರ್ಡಿನ ಮೂಲ ಗಡಿಯಾರ, ಇನ್ನೊಂದು ಮಲ್ಟಿಪ್ಲಯರ್. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂತು. 66 ಮೆಗಾಹರ್ಟ್ಸ್ ಬಸ್, 4.5 ಮಲ್ಟಿಪ್ಲಯರ್, ಒಟ್ಟು 300. ಜನ ಬಸ್ ವೇಗವನ್ನು 100ಕ್ಕೆ ಏರಿಸಿದರು. ಆಗ ಅದು 450ರಲ್ಲಿ ಓಡಿತು. ಅಗ್ಗದ ಚಿಪ್ ದುಬಾರಿ ಚಿಪ್ಪಿನ ಕೆಲಸ ಮಾಡಿತು. 2011ರ ಐ5-2500ಕೆ ಕೂಡ ಹಾಗೇ. ಕಂಪನಿ ಕೊಟ್ಟದ್ದು 3.3, ಟರ್ಬೋದಲ್ಲಿ 3.7 ಗಿಗಾಹರ್ಟ್ಸ್. ಒಳ್ಳೆ ಕೂಲರ್ ಹಾಕಿ 4.5 ಮುಟ್ಟಿದವರು ತುಂಬಾ ಜನ ಇದ್ದರು. ಓವರ್‌ಕ್ಲಾಕಿಂಗ್‌ಗೆ ಇರುವ ಹೆಸರು ಬಂದದ್ದು ಆ ದಿನಗಳಿಂದ.

ಈಗ ಆ ಲಾಭವನ್ನು ಕಂಪನಿಯೇ ಹಿಂಡಿ ಮಾರುತ್ತದೆ. ಐ9-14900ಕೆ ಡಬ್ಬದಿಂದ ತೆಗೆದ ಹಾಗೇ 6 ಗಿಗಾಹರ್ಟ್ಸ್ ಮುಟ್ಟುತ್ತದೆ. ಬಿಸಿ, ಕರೆಂಟ್, ವೋಲ್ಟೇಜ್ ಎಷ್ಟಿದೆ ಅಂತ ಚಿಪ್ಪೇ ಪ್ರತಿ ಕ್ಷಣ ನೋಡಿ ಎಷ್ಟು ಸಾಧ್ಯವೋ ಅಷ್ಟು ಓಡುತ್ತದೆ. ನಾವು ಕೈಯಿಂದ ತಿರುಗಿಸಿ ಪಡೆಯುವುದು ಸಣ್ಣ ಭಾಗ ಮಾತ್ರ. ಅದಕ್ಕೂ ಎಲ್ಲ ಚಿಪ್ಪುಗಳಲ್ಲಿ ಅವಕಾಶ ಇಲ್ಲ. ಇಂಟೆಲ್‌ನಲ್ಲಿ ಮಲ್ಟಿಪ್ಲಯರ್ ಮುಟ್ಟಲು ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಬೇಕು, ಝಡ್ ಸಾಲಿನ ಬೋರ್ಡ್ ಬೇಕು. ರೈಝನ್ ಡೆಸ್ಕ್‌ಟಾಪ್ ಚಿಪ್ಪುಗಳು ಹೆಚ್ಚುಕಡಿಮೆ ಎಲ್ಲವೂ ತೆರೆದಿರುತ್ತವೆ, ಆದರೆ ಎ320ನಂಥ ಅಗ್ಗದ ಬೋರ್ಡಿನಲ್ಲಿ ಆಗುವುದಿಲ್ಲ.

ಇನ್ನು ಅದಕ್ಕೆ ತೆರುವ ಬೆಲೆ. ಚಿಪ್ ತಿನ್ನುವ ಕರೆಂಟ್ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ. 10 ಏರಿಸಲು ವೋಲ್ಟೇಜನ್ನೂ ಶೇ. 10 ಏರಿಸಬೇಕಾಯಿತು ಅಂದುಕೊಳ್ಳಿ. 1.1 × 1.1 × 1.1 ಲೆಕ್ಕ ಹಾಕಿ. 1.33 ಬರುತ್ತದೆ. ಅಂದರೆ ಬಿಸಿ ಮೂರನೇ ಒಂದು ಪಾಲು ಜಾಸ್ತಿ. ಸಿಗುವ ಲಾಭ ಎಷ್ಟು? ನಿಮ್ಮ ರೆಂಡರ್ 10 ನಿಮಿಷ ತೆಗೆದುಕೊಳ್ಳುತ್ತದೆ, ಅದರಲ್ಲಿ ಶೇ. 60 ಸಮಯ ಮಾತ್ರ ಪ್ರೊಸೆಸರಿನದ್ದು ಅಂತಾದರೆ, ಶೇ. 10ರ ಓವರ್‌ಕ್ಲಾಕಿನಿಂದ 33 ಸೆಕೆಂಡ್ ಉಳಿಯುತ್ತದೆ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ ಲೆಕ್ಕ ಇದೇ. ಕೆಲಸದ ಯಾವ ಭಾಗವನ್ನು ವೇಗ ಮಾಡುತ್ತೀರೋ ಆ ಭಾಗ ಎಷ್ಟು ದೊಡ್ಡದೋ ಅಷ್ಟೇ ಲಾಭ.

33 ಸೆಕೆಂಡೂ ಬೇಕು ಅನ್ನುವವರು ಇರಬಹುದು. ದಿನವಿಡೀ ರೆಂಡರ್ ಹಾಕುವವರಿಗೆ ಅದೂ ಕೂಡುತ್ತಾ ಹೋಗುತ್ತದೆ, ಅಲ್ವಾ? ಅವರಿಗೆ ನಾನು ಬೇಡ ಅನ್ನುವುದಿಲ್ಲ. ಒಂದು ಸಲಕ್ಕೆ ಒಂದೇ ಹೆಜ್ಜೆ ಏರಿಸಿ, ಪ್ರತಿ ಹೆಜ್ಜೆಗೂ ಪರೀಕ್ಷೆ ಮಾಡಿ, ಬರೆದಿಟ್ಟುಕೊಳ್ಳಿ. ಈ ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜನ ಇಲ್ಲೇ ಮೋಸ ಹೋಗುವುದು.

ಓವರ್‌ಕ್ಲಾಕ್ ವಿಫಲವಾದರೆ ಮೆಷೀನ್ ಹ್ಯಾಂಗ್ ಆಗುತ್ತದೆ, ರೀಸೆಟ್ ಒತ್ತಿದರೆ ಆಯಿತು ಅಂತ ಅಂದುಕೊಂಡಿರುತ್ತಾರೆ. ಹ್ಯಾಂಗ್ ಆದರೆ ನಿಮ್ಮ ಪುಣ್ಯ. ಗೊತ್ತಾಯಿತಲ್ಲ. ನಿಜವಾದ ಅಪಾಯ ಹ್ಯಾಂಗ್ ಆಗದೇ ಇರುವುದು. ರ್‍ಯಾಮಿನಲ್ಲಿ ಒಂದು ಬಿಟ್ ತಿರುಗಿ ಬೀಳುತ್ತದೆ. ಅದೇ ಹೊತ್ತಿಗೆ ನೀವು ಕ್ಯಾಮೆರಾ ಕಾರ್ಡಿನಿಂದ ಒಬ್ಬರ ಮದುವೆಯ ಫೋಟೋಗಳನ್ನು ಡಿಸ್ಕಿಗೆ ಹಾಕುತ್ತಿರುತ್ತೀರಿ. ತಪ್ಪು ಬಿಟ್ ಇರುವ ಫೈಲು ಡಿಸ್ಕಿಗೆ ಹೋಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ನೀವು ಕಾರ್ಡ್ ಫಾರ್ಮ್ಯಾಟ್ ಮಾಡುತ್ತೀರಿ. ಎಕ್ಸ್‌ಟಿ4 ಫೈಲ್‌ಸಿಸ್ಟಂ ಫೈಲಿನ ಒಳಗಿನ ಮಾಹಿತಿಗೆ ಚೆಕ್‌ಸಮ್, ಅಂದರೆ ಮಾಹಿತಿ ಕೆಟ್ಟಿದೆಯೇ ಅಂತ ಪತ್ತೆ ಹಚ್ಚುವ ಲೆಕ್ಕದ ಸಂಖ್ಯೆ ಇಡುವುದಿಲ್ಲ. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಇಡುತ್ತವೆ, ಆದರೆ ಚೆಕ್‌ಸಮ್ ಲೆಕ್ಕ ಹಾಕುವ ಮುಂಚೆಯೇ ರ್‍ಯಾಮಿನಲ್ಲಿ ಕೆಟ್ಟಿದ್ದರೆ ಅವೂ ಕೆಟ್ಟದ್ದಕ್ಕೇ ಮುದ್ರೆ ಒತ್ತುತ್ತವೆ. ಇನ್ನೊಬ್ಬರ ಮನೆಯ ಮತ್ತೆ ಬಾರದ ದಿನದ ನೆನಪು ನಿಮ್ಮ ಡಿಸ್ಕಿನಲ್ಲಿದೆ. ಅಂಥ ಮೆಷೀನಿನ ರ್‍ಯಾಮನ್ನು ಪರೀಕ್ಷೆ ಮಾಡದೆ ಎಕ್ಸ್‌ಎಂಪಿ ಆನ್ ಮಾಡಿ ಬಿಡುವುದು ಸರಿಯಲ್ಲ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಹಾಗಾಗಿ ರ್‍ಯಾಮಿಗೆ ಮೆಮ್‌ಟೆಸ್ಟ್86+ ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ಆ ವೇಗ ನಿಮಗೆ ಬೇಡ. ಪ್ರೊಸೆಸರಿಗೆ ಸ್ಟ್ರೆಸ್-ಎನ್‌ಜಿ ಇದೆ. ಅದರಲ್ಲಿ ವೆರಿಫೈ ಆಯ್ಕೆ ಕೊಟ್ಟರೆ ಸುಮ್ನೆ ಬಿಸಿ ಮಾಡುವುದಷ್ಟೇ ಅಲ್ಲ, ಉತ್ತರ ಸರಿ ಬಂತೇ ಅಂತಲೂ ನೋಡುತ್ತದೆ. ಓಡುತ್ತಿರುವಾಗ ಕರ್ನಲ್ ಲಾಗಿನಲ್ಲಿ ಎಂಸಿಇ, ಹಾರ್ಡ್‌ವೇರ್ ಎರರ್ ಎಂಬ ಸಾಲು ಬರುತ್ತದೆಯೇ ನೋಡುತ್ತಿರಿ. ಚಿಪ್ ತಾನೇ ಸರಿಪಡಿಸಿಕೊಂಡ ತಪ್ಪು ಕೂಡ ಅಲ್ಲಿ ದಾಖಲಾಗುತ್ತದೆ. ಅಂಥ ಸಾಲು ಬಂದರೆ ಒಂದು ಹೆಜ್ಜೆ ಕೆಳಗಿಳಿಯಿರಿ.

ವಿದ್ಯಾರ್ಥಿಗಳಿಗೆ ಒಂದು ಹಳೇ ಒಳ್ಳೆಯ ಪರೀಕ್ಷೆ ಹೇಳುತ್ತೇನೆ. ಲಿನಕ್ಸ್ ಕರ್ನಲ್ಲನ್ನೇ ಕಂಪೈಲ್ ಮಾಡಿ, ಎಲ್ಲ ಕೋರ್ ಬಳಸಿ, ಮತ್ತೆ ಮತ್ತೆ. ರ್‍ಯಾಮ್, ಪ್ರೊಸೆಸರ್, ಡಿಸ್ಕ್ ಮೂರನ್ನೂ ಅದು ದುಡಿಸುತ್ತದೆ. ಜಿಸಿಸಿ ಕಂಪೈಲರ್ ನಡುವೆ ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಿದ್ದರೆ ಎಲ್ಲಿ ಬಿತ್ತು ನೋಡಿ. ಪ್ರತಿ ಸಲ ಒಂದೇ ಫೈಲಿನಲ್ಲಿ ಬಿದ್ದರೆ ಕೋಡ್ ಅಥವಾ ಕಂಪೈಲರ್ ಮೇಲೆ ಸಂಶಯ ಪಡಬಹುದು. ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ನಿಮ್ಮ ಹಾರ್ಡ್‌ವೇರೇ ಕಾರಣ. ತೊಂಬತ್ತರ ದಶಕದಿಂದ ಲಿನಕ್ಸ್ ಬಳಸುವವರು ಕೆಟ್ಟ ರ್‍ಯಾಮ್ ಹಿಡಿಯುತ್ತಿದ್ದದ್ದು ಹೀಗೇ.

ಇದಕ್ಕೆ ನಮ್ಮ ಊರಿನ ಹವೆಯನ್ನೂ ಸೇರಿಸಿ. ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ, ಡಿಸೆಂಬರ್ ರಾತ್ರಿ ಒಳ್ಳೇ ಚಳಿ. ಗಾಳಿಯ ಬಿಸಿ ಎಷ್ಟು ಡಿಗ್ರಿ ಇಳಿಯುತ್ತದೋ ಚಿಪ್ಪಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಇಳಿಯುತ್ತದೆ. ಡಿಸೆಂಬರಿನಲ್ಲಿ ಪಾಸಾದ ಓವರ್‌ಕ್ಲಾಕ್ ಏಪ್ರಿಲ್ ಮಧ್ಯಾಹ್ನ ಶೀಟ್ ಮಾಡಿನ ಅಂಗಡಿಯಲ್ಲಿ ಬೀಳಬಹುದು. ಬೇಸಿಗೆಯಲ್ಲಿ ಮತ್ತೆ ಪರೀಕ್ಷೆ ಮಾಡಿ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಬೇರೆ ತೊಂದರೆ. ಮಳೆಗಾಲದ ತಿಂಗಳುಗಳಲ್ಲಿ ತೇವ. ಮೆಷೀನನ್ನು ವಾರಗಟ್ಟಲೆ ಆಫ್ ಮಾಡಿ ಇಡಬೇಡಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಿಸಿ. ಆನ್ ಆಗದೆ ಬೀಪ್ ಬಂದರೆ ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಹಾಕಿ.

ಕರೆಂಟಿನ ವಿಷಯ ಬಿಡುವಂತಿಲ್ಲ. ಕ್ಯಾಬಿನೆಟ್ಟಿನೊಳಗೆ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನೋಡಬೇಡಿ. ಲೇಬಲ್‌ನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು ಅದು. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವ್ಯಾಟ್ ಮಾತ್ರ ತಡೆಯುತ್ತದೆ. ಓವರ್‌ಕ್ಲಾಕ್ ಮಾಡಿ ರೆಂಡರ್ ಹಾಕಿದಾಗಲೇ ಕರೆಂಟ್ ಹೋದರೆ ಅದೂ ಜೊತೆಗೇ ಕೂಗಿ ಆಫ್ ಆಗಬಹುದು. ಕ್ಯಾಬಿನೆಟ್ ಮುಟ್ಟಿದರೆ ಚುರ್ ಅನ್ನುವ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಬರುವ ಸಣ್ಣ ಸೋರಿಕೆ ಹೋಗಲು ದಾರಿ ಇಲ್ಲದೆ ಡಬ್ಬದಲ್ಲೇ ನಿಂತಿರುತ್ತದೆ. ಯಾವ ಅಪ್‌ಗ್ರೇಡಿಗೂ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ.

ಕೊನೆಯದಾಗಿ, ನನಗೆ ತುಂಬಾ ಇಷ್ಟವಾದ ದಾರಿ. ಏರಿಸುವುದರ ಬದಲು ಇಳಿಸುವುದು. 2023, 24ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಾನಾಗಿ ಅಸ್ಥಿರವಾಗತೊಡಗಿದವು. ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗುತ್ತಿದ್ದದ್ದು ಕಾರಣ ಅಂತ ಇಂಟೆಲ್ ಒಪ್ಪಿಕೊಂಡಿತು, 2024ರ ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗೇ ಓಡುವ ಸೂಚನೆಗಳು) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಂಥ ಚಿಪ್ ಇರುವವರು ಬಯಾಸ್ ಅಪ್‌ಡೇಟ್ ಇವತ್ತೇ ಮಾಡಿ. ವೋಲ್ಟೇಜ್ ಜಾಸ್ತಿಯಾದರೆ ಚಿಪ್ ಸವೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಇಳಿಸುವುದು ಸುಲಭ. 105 ವ್ಯಾಟಿನ ರೈಝನ್ ಪ್ರೊಸೆಸರ್ ಪೂರ್ತಿ ಲೋಡಿನಲ್ಲಿ 142 ವ್ಯಾಟ್‌ವರೆಗೆ ಎಳೆಯಬಹುದು. ಬಯಾಸ್‌ನಲ್ಲಿ 65 ವ್ಯಾಟಿನ ಇಕೋ ಮೋಡ್ ಹಾಕಿದರೆ ಮಿತಿ 88ಕ್ಕೆ ಬರುತ್ತದೆ. 54 ವ್ಯಾಟ್ ಕಡಿಮೆ. ದಿನಕ್ಕೆ 8 ಗಂಟೆ ಪೂರ್ತಿ ಲೋಡ್ ಇದ್ದರೆ ತಿಂಗಳಿಗೆ ಸುಮಾರು 13 ಯೂನಿಟ್ ಉಳಿತಾಯ. ವೇಗ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ಏಕೆಂದರೆ ಕೊನೆಯ ಕೆಲವು ಮೆಗಾಹರ್ಟ್ಸಿಗೇ ಚಿಪ್ ಅತಿ ಹೆಚ್ಚು ಕರೆಂಟ್ ಸುರಿಯುತ್ತಿರುತ್ತದೆ. ರೈಝನ್ 5000ದಿಂದ ಮುಂದಿನವುಗಳಲ್ಲಿ ಕರ್ವ್ ಆಪ್ಟಿಮೈಜರ್ ಅಂತ ಇದೆ. ಅದರಲ್ಲಿ ವೋಲ್ಟೇಜ್ ಸ್ವಲ್ಪ ತಗ್ಗಿಸಿದರೆ ಬಿಸಿ ಇಳಿದು, ಚಿಪ್ ತಾನೇ ಜಾಸ್ತಿ ಹೊತ್ತು ಮೇಲಿನ ವೇಗದಲ್ಲಿ ನಿಲ್ಲುತ್ತದೆ. ಪರೀಕ್ಷೆ ಮಾತ್ರ ಇದಕ್ಕೂ ಅಷ್ಟೇ ಮುಖ್ಯ. ವೋಲ್ಟೇಜ್ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ಇನ್ನು ಪ್ರಶ್ನೆಗಳು.

'ಸರ್, ಗ್ರಾಫಿಕ್ಸ್ ಕಾರ್ಡ್ ಲಿನಕ್ಸ್‌ನಲ್ಲಿ ಓವರ್‌ಕ್ಲಾಕ್ ಆಗುತ್ತಾ?' ಅಂತ ಒಬ್ಬ ವಿದ್ಯಾರ್ಥಿ ಕೇಳಿದರು. ಆಗುತ್ತದೆ. ಎಎಂಡಿ ಕಾರ್ಡಿಗೆ ಲ್ಯಾಕ್ಟ್ ಅಥವಾ ಕೋರ್‌ಕಂಟ್ರೋಲ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅವು ಪೂರ್ತಿ ಕೆಲಸ ಮಾಡಲು ಎಎಂಡಿಜಿಪಿಯು ಡ್ರೈವರಿನ ಓವರ್‌ಡ್ರೈವ್ ಸೌಲಭ್ಯವನ್ನು ಬೂಟ್ ಸಾಲಿನಲ್ಲಿ ತೆರೆಯಬೇಕಾಗುತ್ತದೆ. ಎನ್‌ವಿಡಿಯಾ ಕಾರ್ಡಿನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಕಮಾಂಡಿನಿಂದ ಪವರ್ ಮಿತಿ ಬದಲಾಯಿಸಬಹುದು. ಅಲ್ಲೂ ಮೊದಲು ಮಿತಿ ಇಳಿಸಿ ನೋಡಿ ಅನ್ನುತ್ತೇನೆ.

ಸ್ಟುಡಿಯೋ ನಡೆಸುವ ಒಬ್ಬರು ಮೇಡಂ ಕೇಳಿದರು: 'ಎಡಿಟಿಂಗ್ ಟೈಮ್‌ಲೈನ್ ತಡವರಿಸುತ್ತೆ, ಪ್ರೊಸೆಸರ್ ಬದಲಾಯಿಸಬೇಕಾ?' ಮೇಡಂ, ಮೊದಲು ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಕ್ಲಿಪ್ ಆನ್ ಮಾಡಿ. ಎಡಿಟ್ ಮಾಡುವಾಗ ಚಿಕ್ಕ ನಕಲು ಬಳಸಿ, ಕೊನೆಯ ರೆಂಡರಿಗೆ ಮೂಲ ಫೈಲನ್ನೇ ತೆಗೆದುಕೊಳ್ಳುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಅದಾದ ಮೇಲೂ ತಡವರಿಸಿದರೆ ಆ ಮೂರು ಫೈಲು ನೋಡಿ ಯಾವುದು ಏರುತ್ತಿದೆ ಅಂತ ನನಗೆ ತಿಳಿಸಿ.

ಹಿಂದಿನ ಸಾಲಿನಿಂದ ಇನ್ನೊಂದು ಪ್ರಶ್ನೆ: 'ಬಯಾಸ್‌ನಲ್ಲಿ ಏನೋ ಏರಿಸಿದ ಮೇಲೆ ಡಿಸ್‌ಪ್ಲೇನೇ ಬರದಿದ್ದರೆ?' ಗಾಬರಿ ಬೇಡ. ಕೆಲವು ಬೋರ್ಡುಗಳು ಎರಡು ಮೂರು ಸಲ ತಾವೇ ಆನ್ ಆಫ್ ಆಗಿ ಹಳೇ ಸೆಟ್ಟಿಂಗಿಗೆ ಮರಳುತ್ತವೆ, ಒಂದೆರಡು ನಿಮಿಷ ಕಾಯಿರಿ. ಆಗದಿದ್ದರೆ ಪವರ್ ವೈರ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ. ಅಥವಾ ಮ್ಯಾನುಯಲ್‌ನಲ್ಲಿ ತೋರಿಸಿದ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಸೇರಿಸಿ. ಸೆಟ್ಟಿಂಗ್ ಎಲ್ಲ ಮೊದಲಿನಂತೆ ಆಗುತ್ತದೆ, ಡಿಸ್ಕಿನಲ್ಲಿರುವ ಲಿನಕ್ಸ್‌ಗೆ ಏನೂ ಆಗುವುದಿಲ್ಲ. ಗಡಿಯಾರ ಮಾತ್ರ ಹಿಂದೆ ಹೋಗಿರುತ್ತದೆ, ಇಂಟರ್ನೆಟ್ ಬಂದ ಕೂಡಲೇ ತಾನೇ ಸರಿಯಾಗುತ್ತದೆ. ಬೂಟ್ ಆಗುವ ಡಿಸ್ಕ್ ಯಾವುದು ಅಂತ ಬಯಾಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ, ಅದೂ ಬದಲಾಗಿರಬಹುದು.